ದೂರದ ಬೆಟ್ಟ ನುಣ್ಣಗೆ: ಇಲ್ಲಿಯ ಸರದಿ, ಅಲ್ಲಿಯ ಬಿಲ್ಲು



ನಾಲ್ಕು ಮನೆಯ ಕನ್ನಡಿಗರು ಒಂದೆಡೆ ಸೇರಿದರೆ ಮಾತು ಮಳೆ-ಚಳಿಯಿಂದ ಶುರುವಾಗಿ, ಮಕ್ಕಳ ಶಾಲೆಗೆ ಹೊರಳಿ, ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದು ನಿಲ್ಲುತ್ತದೆ. "ಇಲ್ಲಿ ಸ್ಪೆಷಲಿಸ್ಟ್ ನೋಡ್ಬೇಕು ಅಂದ್ರೆ ಆರು ತಿಂಗಳು ಕಾಯಬೇಕು, ಬೆಂಗಳೂರಿನಲ್ಲಾದ್ರೆ ಸಂಜೆಗೇ ನೋಡ್ತಾರೆ" ಎಂದು ಒಬ್ಬರು. "ನೋಡ್ತಾರೆ ಸ್ವಾಮಿ, ಆಮೇಲೆ ಬಿಲ್ಲು ನೋಡಿ ನಮ್ಮ ಎದೆಯೇ ನಿಂತು ಹೋಗುತ್ತೆ" ಎಂದು ಇನ್ನೊಬ್ಬರು. ಪಾಯಸ ಬರುವವರೆಗೆ ವಾದ ನಡೆಯುತ್ತದೆ. ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ!

ನಾನು ವೈದ್ಯೆಯಲ್ಲ. ನಮ್ಮ ಬಳಗದಲ್ಲಿ ವೈದ್ಯರಿಗೇನೂ ಬರವಿಲ್ಲ, ಅವರು ತಪ್ಪಿದ್ದರೆ ತಿದ್ದಲಿ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಎರಡೂ ದೇಶಗಳ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವಳಾಗಿ ಬೆಂಚಿನ ಮೇಲೆ ಕೂತಿದ್ದೇನೆ. ಹಾಗಾಗಿ ಈ ಸರ್ಕಾರಿ-ಖಾಸಗಿ ಜಗಳದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಇಡೋಣ ಎನ್ನಿಸಿತು.

ಒಂದೇ ಕಾಲದ ಎರಡು ವರದಿಗಳು

ಎನ್.ಎಚ್.ಎಸ್. ಬರುವ ಮುಂಚೆ ಈ ದೇಶದಲ್ಲೂ ಡಾಕ್ಟರರಿಗೆ ಹಣ ಕೊಡಬೇಕಿತ್ತು. 1911ರ ವಿಮಾ ಕಾಯಿದೆ ದುಡಿಯುವ ಕಾರ್ಮಿಕನಿಗೆ ಮಾತ್ರ ಆಸರೆಯಾಗಿತ್ತು, ಅವನ ಹೆಂಡತಿ ಮಕ್ಕಳಿಗಲ್ಲ. ಮಗುವಿಗೆ ಜ್ವರ ಬಂದರೆ ಡಾಕ್ಟರನ್ನು ಕರೆಯುವುದೋ, ಬಾಡಿಗೆ ಕಟ್ಟುವುದೋ ಎಂದು ತಾಯಂದಿರು ಯೋಚಿಸಬೇಕಾಗಿತ್ತು. ಯುದ್ಧದ ನಡುವೆ, 1942ರಲ್ಲಿ ಬೆವೆರಿಜ್ ವರದಿ ಬಂತು. 1948ರ ಜುಲೈ 5ರಂದು ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಮ್ಯಾಂಚೆಸ್ಟರ್ ಬಳಿಯ ಪಾರ್ಕ್ ಆಸ್ಪತ್ರೆಯಲ್ಲಿ ಎನ್.ಎಚ್.ಎಸ್.ಗೆ ಚಾಲನೆ ಕೊಟ್ಟರು. ಇಂದಿನ ಟ್ರಾಫರ್ಡ್ ಜನರಲ್ ಆಸ್ಪತ್ರೆ ಅದೇ.

ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಸರಿಸುಮಾರು ಅದೇ ಕಾಲಕ್ಕೆ ಭಾರತಕ್ಕೂ ಇಂಥದೇ ಒಂದು ವರದಿ ಸಿದ್ಧವಾಗಿತ್ತು. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದೇ ಅದರ ತಿರುಳು. ನಮ್ಮೂರುಗಳ ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ವರದಿ ಕೇಳಿದಷ್ಟು ಹಣ ಬರಲಿಲ್ಲ. ಕಟ್ಟಡ ಎದ್ದ ಕಡೆ ಡಾಕ್ಟರಿಲ್ಲ, ಡಾಕ್ಟರಿದ್ದ ಕಡೆ ಔಷಧಿಯಿಲ್ಲ ಎಂಬ ಸ್ಥಿತಿ. ನಮ್ಮ ಅಜ್ಜಿ ಸರ್ಕಾರಿ ಆಸ್ಪತ್ರೆಯನ್ನು 'ಧರ್ಮಾಸ್ಪತ್ರೆ' ಅನ್ನುತ್ತಿದ್ದರು. ಆ ಮಾತಿನಲ್ಲಿ ಗೌರವವೂ ಇತ್ತು, 'ಗತಿಯಿಲ್ಲದವರು ಹೋಗುವ ಜಾಗ' ಎಂಬ ಮುಜುಗರವೂ ಇತ್ತು. ಖಾಲಿ ಉಳಿದ ಜಾಗವನ್ನು ಮೊದಲು ನರ್ಸಿಂಗ್ ಹೋಮುಗಳು, ಆಮೇಲೆ ದೊಡ್ಡ ಖಾಸಗಿ ಆಸ್ಪತ್ರೆಗಳು ತುಂಬಿದವು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹೊತ್ತಿಗೆ ಭಾರತದಲ್ಲಿ ಆಸ್ಪತ್ರೆಗೆ ದಾಖಲಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಖಾಸಗಿ ಆಸ್ಪತ್ರೆಗೇ ಹೋಗುತ್ತಿದ್ದರು.

ಅಂದರೆ ಎರಡೂ ದೇಶಗಳು ಒಂದೇ ಕನಸು ಕಂಡಿದ್ದವು. ಒಂದು ದೇಶ ಹಣ ಹೊಂದಿಸಿತು, ಇನ್ನೊಂದಕ್ಕೆ ಆಗಲಿಲ್ಲ.

ಜಗಳ ಬಿಡಿಸಲು ಎರಡು ಪ್ರಶ್ನೆಗಳು

'ಸರ್ಕಾರಿ', 'ಖಾಸಗಿ' ಎಂದು ನಾವು ಎರಡೇ ಡಬ್ಬಿ ಮಾಡಿಕೊಂಡಿದ್ದೇವೆ. ಅದಕ್ಕೇ ವಾದ ಮುಗಿಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಒಂದು, ಹಣ ಯಾರು ಕೊಡುತ್ತಾರೆ? ಎರಡು, ಚಿಕಿತ್ಸೆ ಯಾರು ಮಾಡುತ್ತಾರೆ? ಇವೆರಡಕ್ಕೂ ಉತ್ತರ ಒಂದೇ ಆಗಿರಬೇಕಿಲ್ಲ.

ನಿಮ್ಮ ಜಿ.ಪಿ.ಯನ್ನೇ ತೆಗೆದುಕೊಳ್ಳಿ. ಎನ್.ಎಚ್.ಎಸ್. ಫಲಕ ಹಾಕಿದ ಹೆಚ್ಚಿನ ಸರ್ಜರಿಗಳು 1948ರಿಂದಲೂ ವೈದ್ಯರೇ ಪಾಲುದಾರರಾಗಿ ನಡೆಸುವ ಸ್ವಂತ ಸಂಸ್ಥೆಗಳು. ಸರ್ಕಾರ ಅವರೊಡನೆ ಕರಾರು ಮಾಡಿಕೊಂಡು ಹಣ ಕೊಡುತ್ತದೆ. ನಾವು ಕೌಂಟರಿನಲ್ಲಿ ದುಡ್ಡು ಕೊಡುವುದಿಲ್ಲವಾದ್ದರಿಂದ ಅವರು ಸರ್ಕಾರಿ ನೌಕರರು ಅಂದುಕೊಂಡಿದ್ದೇವೆ, ಅಷ್ಟೇ. ಇತ್ತ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ, ಆದರೆ ಸ್ವಾಯತ್ತ. ಅನುಕೂಲವಿದ್ದವರು ಅಲ್ಲಿ ಹಣ ಕೊಡುತ್ತಾರೆ, ಇಲ್ಲದವರಿಗೆ ಯೋಜನೆಗಳ ನೆರವುಂಟು. ಅಷ್ಟೇಕೆ, ಎನ್.ಎಚ್.ಎಸ್. ಕೂಡ ಪೂರ್ತಿ ಪುಕ್ಕಟೆಯಾಗಿ ಉಳಿಯಲಿಲ್ಲ. 1951ರಲ್ಲಿ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಾಗ ಬೆವನ್ ರಾಜೀನಾಮೆಯನ್ನೇ ಕೊಟ್ಟರು. ಇಂಗ್ಲೆಂಡಿನಲ್ಲಿ ಜಿ.ಪಿ. ಬರೆದ ಒಂದೊಂದು ಔಷಧಿಗೆ 2024ರ ಮೇ ತಿಂಗಳಿಂದ 9 ಪೌಂಡ್ 90 ಪೆನ್ಸ್. ವೇಲ್ಸ್ 2007ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಈ ಶುಲ್ಕವನ್ನು ತೆಗೆದುಹಾಕಿದವು.

ನಮ್ಮಂತೆ ಹೊರಗಿನಿಂದ ಬಂದವರಿಗಂತೂ 'ಫ್ರೀ' ಎಂಬ ಮಾತು ನಗು ತರಿಸುತ್ತದೆ. ವೀಸಾದ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ 2015ರಲ್ಲಿ ಶುರುವಾದಾಗ ವರ್ಷಕ್ಕೆ 200 ಪೌಂಡ್ ಇತ್ತು. 2024ರ ಫೆಬ್ರುವರಿಯಿಂದ ದೊಡ್ಡವರಿಗೆ 1,035, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776 ಪೌಂಡ್. ಗಂಡ, ಹೆಂಡತಿ, ಇಬ್ಬರು ಮಕ್ಕಳು ಐದು ವರ್ಷದ ವೀಸಾಕ್ಕೆ ಕಟ್ಟುವುದು 18,110 ಪೌಂಡ್, ಅದೂ ಮುಂಗಡವಾಗಿ! ಅದರ ಮೇಲೆ ಎಲ್ಲರಂತೆ ತೆರಿಗೆ ಬೇರೆ. ಆರೋಗ್ಯ ಕ್ಷೇತ್ರದ ವೀಸಾದಲ್ಲಿ ಬಂದವರಿಗೆ ವಿನಾಯಿತಿಯುಂಟು. ಆದ್ದರಿಂದ ಸರದಿಯಲ್ಲಿ ಕಾಯುವಾಗ 'ಬಿಟ್ಟಿ ಸಿಗುತ್ತಿದೆ, ಸುಮ್ಮನಿರೋಣ' ಎಂದು ಯಾರೂ ಮುದುಡಿ ಕೂರಬೇಕಿಲ್ಲ.

ಕಾಣುವ ಸಾಲು, ಕಾಣದ ಸಾಲು

ಎನ್.ಎಚ್.ಎಸ್. ಮೇಲಿನ ದೂರು ಸುಳ್ಳಲ್ಲ. ಜಿ.ಪಿ. ಬರೆದುಕೊಟ್ಟ ಮೇಲೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ನಿಯಮ. ನೂರಕ್ಕೆ 92 ಮಂದಿಗೆ ಹಾಗೆ ಆಗಬೇಕು ಎಂಬ ಗುರಿಯನ್ನು ಇಂಗ್ಲೆಂಡ್ ಕೊನೆಯ ಸಲ ಮುಟ್ಟಿದ್ದು 2016ರ ಆರಂಭದಲ್ಲಿ. ಕಾಯುವ ಪಟ್ಟಿ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತ್ತು, ಆಮೇಲೆ ಸ್ವಲ್ಪ ಇಳಿಯಿತು. ಇದು ಚಿಕಿತ್ಸೆಗಳ ಲೆಕ್ಕ, ತಲೆಗಳ ಲೆಕ್ಕವಲ್ಲ. ಒಬ್ಬರೇ ಎರಡು ಪಟ್ಟಿಯಲ್ಲಿರಬಹುದು. ಹಾಗೆಂದು ಮಂಡಿ ನೋವಿನಲ್ಲಿ ವರ್ಷ ತಳ್ಳುವವರಿಗೆ ಆ ವ್ಯತ್ಯಾಸದಿಂದ ಸಮಾಧಾನವೇನೂ ಆಗದು.

ಆದರೆ ಸ್ವಲ್ಪ ಯೋಚಿಸಿ. ಕರ್ನಾಟಕದ ಖಾಸಗಿ ಆಸ್ಪತ್ರೆಯಲ್ಲಿ ಸಾಲೇಕೆ ಇಲ್ಲ? ಹಣವಿಲ್ಲದವರು ಸಾಲಿಗೇ ಬರುವುದಿಲ್ಲ. ಮಂಡಿ ಬದಲಿಸಬೇಕು ಎಂದು ಗೊತ್ತಿದ್ದೂ ಎಣ್ಣೆ ತಿಕ್ಕಿಕೊಂಡು ಗದ್ದೆಗೆ ಹೋಗುವ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಇಲ್ಲಿ ಸಾಲು ಕಾಣುತ್ತದೆ, ತಿಂಗಳು ತಿಂಗಳೂ ಪತ್ರಿಕೆಯಲ್ಲಿ ಅಂಕಿ ಬರುತ್ತದೆ, ಮಂತ್ರಿಯನ್ನು ಬೈಯಬಹುದು. ಅಲ್ಲಿ ಸಾಲು ಮನೆಯೊಳಗಿದೆ, ಬೈಯುವುದು ಹಣೆಬರಹವನ್ನು. ಎಲ್ಲರಿಗೂ ಎಲ್ಲವನ್ನೂ ಕೂಡಲೇ ಕೊಡುವಷ್ಟು ಸಿರಿ ಯಾವ ದೇಶಕ್ಕೂ ಇಲ್ಲ. ಒಂದು ಕಡೆ ಕಾಲದಿಂದ ಅಳೆದು ಕೊಡುತ್ತಾರೆ, ಇನ್ನೊಂದು ಕಡೆ ಕಾಸಿನಿಂದ.

ಹಣ ಕೊಟ್ಟು ಕೊಳ್ಳುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ, ಸೆರಗು ಮುಟ್ಟಿ ನೋಡುತ್ತೇವೆ, ಬೆಲೆ ಹೊಂದದಿದ್ದರೆ ಎದ್ದು ಬರುತ್ತೇವೆ. ಎದೆನೋವು ಬಂದಾಗ ನಾಲ್ಕು ಆಸ್ಪತ್ರೆ ಹತ್ತಿ ಇಳಿಯಲಾಗುವುದಿಲ್ಲ. ಯಾವ ಪರೀಕ್ಷೆ ಬೇಕು, ಎಷ್ಟು ಸ್ಟೆಂಟ್ ಬೇಕು ಎಂದು ಹೇಳುವವರೂ ಅವರೇ, ಬಿಲ್ಲು ಮಾಡುವವರೂ ಅವರೇ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಈ ಸಂಗತಿಯನ್ನು ವಿವರಿಸಿದ್ದರು. ಕೊಳ್ಳುವವನಿಗೂ ಮಾರುವವನಿಗೂ ತಿಳಿವಳಿಕೆಯಲ್ಲಿ ಇಷ್ಟೊಂದು ಅಂತರವಿರುವ ಕಡೆ ಸಂತೆಯ ನ್ಯಾಯ ನಡೆಯುವುದಿಲ್ಲ.

2016ರಲ್ಲಿ ನಮ್ಮ ಅತ್ತೆಯವರಿಗೆ ರಾತ್ರಿ ಎದೆನೋವು ಬಂದು ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದೊಯ್ದಾಗ, ಮೈದುನ ಮೂರು ಕಾರ್ಡು ಉಜ್ಜಿ ಡಿಪಾಸಿಟ್ ತುಂಬಿದ ಮೇಲೆಯೇ ಅವರನ್ನು ಒಳಗೆ ಕರೆದುಕೊಂಡದ್ದು. ಆಮೇಲಿನ ಚಿಕಿತ್ಸೆ ಮಾತ್ರ ಅಚ್ಚುಕಟ್ಟು, ನಾಲ್ಕನೇ ದಿನ ಮನೆಯಲ್ಲಿದ್ದರು. ಆ ಮೂರು ಕಾರ್ಡು ಇಲ್ಲದ ಮನೆಯವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ನಮ್ಮವರನ್ನು ಇವತ್ತಿಗೂ ಬಿಟ್ಟಿಲ್ಲ.

ಕರ್ನಾಟಕ ಹುಡುಕಿದ ದಾರಿಗಳು

ನಮ್ಮ ರಾಜ್ಯ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನು ಹೆಮ್ಮೆಯಿಂದ ಹೇಳಬೇಕು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ ಮರಳಿದ ಡಾ. ದೇವಿಪ್ರಸಾದ್ ಶೆಟ್ಟಿಯವರ ಸಲಹೆಯಂತೆ ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಆಗ ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗೆ ಆಸರೆ. 2018ರಲ್ಲಿ ನಿಂತುಹೋದ ಅದನ್ನು ರಾಜ್ಯ 2022-23ರಲ್ಲಿ ಮತ್ತೆ ಆರಂಭಿಸಿತು.

2010ರಲ್ಲಿ ಕಲಬುರಗಿ ಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಇನ್ನೊಂದು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಸರ್ಕಾರವೇ ಹಣ ಕೊಟ್ಟಿತು. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತಿತ್ತು, ಖಾಸಗಿಯಲ್ಲೂ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯ ಆಚೆ, ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ನಡೆಸಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಡುವ ಕಾಯಿಲೆಗಳಿಂದ ಸತ್ತವರು ಫಲಾನುಭವಿ ಕುಟುಂಬಗಳಲ್ಲಿ ಶೇಕಡಾ 0.32, ಯೋಜನೆಯಿಲ್ಲದ ಕಡೆ ಶೇಕಡಾ 0.90. ಒಂದು ಗಡಿರೇಖೆಯ ಈಚೆ ಆಚೆ ಇಷ್ಟು ಅಂತರ! ಹಣ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2018ರಿಂದ ಇಂಥ ಯೋಜನೆಗಳು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಎಂಬ ಒಂದೇ ಸೂರಿನಡಿ ಸೇರಿದವು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ.

ಒಂದು ಕೊರತೆ ಮಾತ್ರ ದೊಡ್ಡದು. ಇಂಥ ಯೋಜನೆಗಳು ಹೆಚ್ಚಾಗಿ ಆಸ್ಪತ್ರೆಗೆ ಸೇರಿದ ಮೇಲಿನ ಖರ್ಚನ್ನು ಕೊಡುತ್ತವೆ. ದಿನಾ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಕೈಯಿಂದಲೇ ಹೋಗುವುದು ಹೆಚ್ಚು. ಕೇಂದ್ರ ಸರ್ಕಾರದ 2021-22ರ ಲೆಕ್ಕದಂತೆ ಭಾರತದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡಾ 39.4 ಜನರ ಜೇಬಿನಿಂದ ನೇರವಾಗಿ ಹೋಗುತ್ತಿತ್ತು. 2013-14ರಲ್ಲಿ ಇದ್ದ 64.2ಕ್ಕಿಂತ ಇದು ಎಷ್ಟೋ ಮೇಲು. ಆದರೂ ಬ್ರಿಟನ್ನಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸರ್ಕಾರವೇ ಭರಿಸುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಇನ್ನು ಖಾಸಗಿಯವರಿಗೆ ಲಗಾಮು ಹಾಕುವ ಮಾತು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ದರ ನಿಗದಿ ಮಾಡುವ, ತಪ್ಪಿದವರಿಗೆ ಜೈಲು ಶಿಕ್ಷೆ ಕೊಡುವ ತಿದ್ದುಪಡಿ ತಂದರು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪಡಬಾರದ ಪಾಡು ಪಟ್ಟರು. ಕೊನೆಗೆ ಜೈಲಿನ ಮಾತು ಬಿಟ್ಟುಹೋಯಿತು, ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು. ಆದರೂ ಎರಡು ಒಳ್ಳೆಯ ಅಂಶ ಉಳಿದವು: ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಇದೆಯೆಂದು ಶವ ತಡೆದಿಡಬಾರದು. ಊರಿನಲ್ಲಿರುವ ನಿಮ್ಮವರಿಗೆ ಇದನ್ನು ಖಂಡಿತ ತಿಳಿಸಿ.

ನಮ್ಮ ಹಿತ್ತಲಲ್ಲೇ ನಡೆದ ಪ್ರಯೋಗ

ಖಾಸಗಿಯವರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನಮ್ಮ ಪಕ್ಕದ ನಾಟಿಂಗ್‌ಹ್ಯಾಮ್ ಕಡೆ ನೋಡಬೇಕು. ಕ್ವೀನ್ಸ್ ಮೆಡಿಕಲ್ ಸೆಂಟರ್ ಆವರಣದ ಟ್ರೀಟ್‌ಮೆಂಟ್ ಸೆಂಟರನ್ನು 2008ರಿಂದ 2019ರವರೆಗೆ ಸರ್ಕಲ್ ಎಂಬ ಕಂಪನಿ ನಡೆಸಿತು. ಅನೇಕ ರೋಗಿಗಳು ಅಲ್ಲಿಯ ಅಚ್ಚುಕಟ್ಟನ್ನು ಮೆಚ್ಚಿದರು. ಆದರೆ ಚರ್ಮರೋಗ ವಿಭಾಗ ಕಂಪನಿಯ ಕೈಗೆ ಹೋದಾಗ ಹಲವು ಹಿರಿಯ ತಜ್ಞರು ಎನ್.ಎಚ್.ಎಸ್. ನೌಕರಿ ಬಿಟ್ಟು ಅಲ್ಲಿಗೆ ಸೇರಲು ಒಪ್ಪದೆ ಬೇರೆಡೆಗೆ ಹೊರಟರು. ಹೆಸರುವಾಸಿಯಾಗಿದ್ದ ವಿಭಾಗ ಸೊರಗಿತು. 2019ರಲ್ಲಿ ಕೇಂದ್ರ ಮರಳಿ ಎನ್.ಎಚ್.ಎಸ್. ಕೈಗೆ ಬಂತು. ಇದೇ ಕಂಪನಿ 2012ರಲ್ಲಿ ಕೇಂಬ್ರಿಜ್‌ಶೈರಿನ ಹಿಂಚಿಂಗ್‌ಬ್ರೂಕ್ ಆಸ್ಪತ್ರೆಯನ್ನೇ ವಹಿಸಿಕೊಂಡು, 2015ರಲ್ಲಿ ಕೈಬಿಟ್ಟಿತ್ತು.

ಹಾಗಾದರೆ ಖಾಸಗಿಯೆಲ್ಲ ಕೆಟ್ಟದ್ದೇ? ಅದೂ ಅಲ್ಲ. 2022ರಲ್ಲಿ ನಮ್ಮವರಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಹೆಸರು ಬರೆಸಿದ ಕಡೆ ಹತ್ತು ತಿಂಗಳು ಎಂದರು. ಜಿ.ಪಿ. ಹತ್ತಿರ ಮತ್ತೆ ಹೋಗಿ ಬೇರೆ ಆಸ್ಪತ್ರೆ ಕೇಳಿದೆವು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವಾರಕ್ಕೆ ಆಪರೇಷನ್ ಮುಗಿಯಿತು. ಹಣ ಕೊಟ್ಟದ್ದು ಎನ್.ಎಚ್.ಎಸ್. ಆದರೆ ಇದಕ್ಕೂ ಇನ್ನೊಂದು ಮಗ್ಗುಲಿದೆ. ಇಂಥ ಕೇಂದ್ರಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾದ, ತೊಡಕಿಲ್ಲದ ರೋಗಿಗಳನ್ನು ಆರಿಸಿಕೊಳ್ಳುತ್ತವೆ. ವಯಸ್ಸಾದ, ಹೃದಯವೂ ಮೂತ್ರಪಿಂಡವೂ ಕೆಟ್ಟ ರೋಗಿ ಲೆಸ್ಟರ್ ರಾಯಲ್‌ನಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಕೆನೆ ಒಬ್ಬರಿಗೆ, ಮಜ್ಜಿಗೆ ಇನ್ನೊಬ್ಬರಿಗೆ ಎಂಬಂತಾಗದಂತೆ ಕರಾರು ಬರೆಯುವುದೇ ಸರ್ಕಾರದ ಜಾಣ್ಮೆ.

ಕತೆ ಇನ್ನೊಂದು ಸುತ್ತು ಬಂದಿದೆ. 2025ರ ಅಕ್ಟೋಬರ್ ಕೊನೆಗೆ ಬೆಂಗಳೂರಿನ ನಾರಾಯಣ ಹೃದಯಾಲಯ ಸಂಸ್ಥೆ ಈ ದೇಶದ ಪ್ರಾಕ್ಟೀಸ್ ಪ್ಲಸ್ ಗ್ರೂಪ್‌ನ ಆಸ್ಪತ್ರೆಗಳನ್ನು ಸುಮಾರು 19 ಕೋಟಿ ಪೌಂಡಿಗೆ ಕೊಂಡಿತು. ನಮ್ಮ ಡರ್ಬಿಶೈರಿನ ಬಾರ್ಲ್‌ಬರೋ ಆಸ್ಪತ್ರೆ ಆ ಗುಂಪಿನದೇ. ಎನ್.ಎಚ್.ಎಸ್. ಕಳಿಸುವ ರೋಗಿಗಳೇ ಅಲ್ಲಿ ಹೆಚ್ಚು. ಬ್ರಿಟಿಷ್ ತೆರಿಗೆಯ ಹಣದಲ್ಲಿ, ಬೊಮ್ಮಸಂದ್ರದ ಕಂಪನಿಯ ಆಸ್ಪತ್ರೆಯಲ್ಲಿ, ಡರ್ಬಿಶೈರಿನ ಅಜ್ಜಿಗೆ ಹೊಸ ಮಂಡಿ! ಇದು ಸರ್ಕಾರಿಯೋ, ಖಾಸಗಿಯೋ? ಎರಡು ಡಬ್ಬಿಯ ಲೆಕ್ಕ ಸಾಲದು ಎಂದದ್ದು ಇದಕ್ಕೇ.

ನಮ್ಮ ಮನೆಗಳಿಗೆ ಬೇಕಾದ ನಾಲ್ಕು ಮಾತು

ಒಂದು: ಇಂಗ್ಲೆಂಡಿನಲ್ಲಿ ತುರ್ತಲ್ಲದ ಚಿಕಿತ್ಸೆಗೆ ಜಿ.ಪಿ. ಬರೆಯುವಾಗ ಆಸ್ಪತ್ರೆ ಆರಿಸುವ ಹಕ್ಕು ಸಾಮಾನ್ಯವಾಗಿ ನಿಮ್ಮದು. ಎನ್.ಎಚ್.ಎಸ್. ಕರಾರಿರುವ ಖಾಸಗಿ ಆಸ್ಪತ್ರೆಯನ್ನೂ ಆರಿಸಬಹುದು. ಎಲ್ಲಿ ಎಷ್ಟು ವಾರ ಎಂದು ಕೇಳಿ, ಸಂಕೋಚ ಬೇಡ.

ಎರಡು: ಊರಿನಿಂದ ಬರುವ ಅಪ್ಪ ಅಮ್ಮಂದಿರ ಮಾತು. ವಿಸಿಟರ್ ವೀಸಾದವರಿಗೆ ಜಿ.ಪಿ. ಸಲಹೆಯೂ ಎ ಅಂಡ್ ಇ ಚಿಕಿತ್ಸೆಯೂ ಉಚಿತ. ಆದರೆ ವಾರ್ಡಿಗೆ ಸೇರಿಸಿದ ಕ್ಷಣದಿಂದ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ಲು. ಜೀವಕ್ಕೆ ಅಪಾಯವಿದ್ದರೆ ಚಿಕಿತ್ಸೆ ನಿಲ್ಲಿಸುವುದಿಲ್ಲ, ಬಿಲ್ಲೂ ನಿಲ್ಲುವುದಿಲ್ಲ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿಸಿ.

ಮೂರು: ಎನ್.ಎಚ್.ಎಸ್. ಹಕ್ಕು ಪಾಸ್‌ಪೋರ್ಟಿನಿಂದ ಬರುವುದಲ್ಲ, ಇಲ್ಲಿ ನೆಲೆಸಿರುವುದರಿಂದ ಬರುವುದು. ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿ, ಕಾಯಿಲೆಯಾದಾಗ ಮಾತ್ರ ಇಲ್ಲಿಗೆ ಬರುತ್ತೇನೆ ಎನ್ನುವ ಲೆಕ್ಕ ನಡೆಯುವುದಿಲ್ಲ.

ನಾಲ್ಕು: ಊರಿನಲ್ಲಿರುವ ಹಿರಿಯರಿಗೆ ವಿಮೆ. 2024ರ ಏಪ್ರಿಲಿನಿಂದ 65 ದಾಟಿದವರಿಗೂ ಕಂಪನಿಗಳು ಪಾಲಿಸಿ ಕೊಡಬಹುದು, ಹಳೆಯ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿ.ಎಸ್.ಟಿ. ರದ್ದಾಗಿದೆ. ಇವತ್ತು ಮಾಡಿಸಿದರೆ ಆ ಮೂರು ವರ್ಷ ಇವತ್ತೇ ಶುರು.

ಕೊನೆಗೆ ನನ್ನ ಅಭಿಪ್ರಾಯ

ಚಿಕಿತ್ಸೆ ಮಾಡುವ ಕೈ ಸರ್ಕಾರದ್ದಾಗಲಿ, ಖಾಸಗಿಯದಾಗಲಿ, ಕೆಲಸ ಒಪ್ಪವಾಗಿರಲಿ, ಮೇಲೊಬ್ಬರು ಕಣ್ಣಿಟ್ಟಿರಲಿ. ಆದರೆ ಹಣ ಮಾತ್ರ ಎಲ್ಲರೂ ಸೇರಿ, ಆರೋಗ್ಯವಾಗಿರುವಾಗಲೇ ಕೂಡಿಟ್ಟ ಗಂಟಿನಿಂದ ಬರಬೇಕು. ಕಾಯಿಲೆ ಬಿದ್ದ ರಾತ್ರಿ ಒಂದು ಮನೆಯವರು ಒಬ್ಬರೇ ಹೊಂದಿಸುವಂತಾಗಬಾರದು. ಆ ಗಂಟು ಚಿಕ್ಕದಾದರೆ ಸಾಲು ಬೆಳೆಯುತ್ತದೆ. 2000ದ ನಂತರ ಇಲ್ಲಿ ಹಣ ಹೆಚ್ಚಿದಾಗ ಸಾಲು ಕರಗಿತ್ತು, 2010ರ ನಂತರ ಬಿಗಿ ಹಿಡಿದಾಗ ಮತ್ತೆ ಬೆಳೆಯಿತು. ಆದ್ದರಿಂದ ಸಾಲು ಉದ್ದವಾಯಿತೆಂದು ಗಂಟನ್ನೇ ಬಿಚ್ಚಿ ಹಂಚಿಕೊಳ್ಳೋಣ ಎನ್ನುವುದು ಜಾಣತನವಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ವಾಸಿಸುವ ನಮಗೆ ಮತ ಹಾಕುವ ಹಕ್ಕಿದೆ ಎಂಬುದನ್ನು ಎಷ್ಟೋ ಜನ ಮರೆತಿದ್ದಾರೆ. ಎರಡೂ ಬೆಟ್ಟ ಹತ್ತಿದವರು ನಾವು. ಯಾವುದೂ ನುಣ್ಣಗಿಲ್ಲ ಎಂದು ನಮಗೆ ಗೊತ್ತು. ಮುಂದಿನ ಸಲ ಮತ ಕೇಳಿಕೊಂಡು ಯಾರಾದರೂ ಬಾಗಿಲು ತಟ್ಟಿದರೆ, ಈ ಎರಡು ಪ್ರಶ್ನೆ ಅವರಿಗೂ ಕೇಳಿ.

ನಿಮ್ಮ ಅನುಭವ ಬೇರೆಯಿದ್ದರೆ ದಯವಿಟ್ಟು ಬರೆದು ಕಳಿಸಿ, ಒಪ್ಪದವರ ಪತ್ರಕ್ಕೆ ಮೊದಲ ಮಣೆ! ಎಲ್ಲರೂ ಆರೋಗ್ಯವಾಗಿರಿ.